ಹೊಸ್ತಿಲಾಚೆಯ ತಣ್ಣನೆ ಶಾವಿಗೆ

ಅಡುಗೆಮನೆಯ ಹೊಸ್ತಿಲಿನ ಈಚೆ ಪದ್ಮಜಾ ಕುಳಿತಿದ್ದಳು. ಆಚೆ, ಮನೆಗೆ ಬಂದುಹೋಗುವ ಗೆಳೆಯ ಪ್ರಾಣೇಶ ಮಡಿಗೆಂದು ಒದ್ದೆ ಧೋತ್ರ ಸುತ್ತಿಕೊಂಡು ಒರಳಿನಲ್ಲಿ ಸೋಯಾ ಕಾಳು ರುಬ್ಬುತ್ತಿದ್ದ. 1975ರ ಜುಲೈ ತಿಂಗಳ ಕೊನೆಯ ಭಾನುವಾರ. ಮೆಟುಚೆನ್ ಎಂಬ ಅಮೆರಿಕದ ಊರಿನ ಆ ಪುಟ್ಟ ಮನೆಯ ಕಿಟಕಿಗಳೆಲ್ಲ ತೆರೆದಿದ್ದರೂ ಒಂದು ಪರದೆಯೂ ಅಲುಗುತ್ತಿರಲಿಲ್ಲ.

"ಇನ್ನೂ ನುಣ್ಣಗ ಆಗಬೇಕು," ಎಂದಳು ಪದ್ಮಜಾ.

"ಡಾಕ್ಟರೇ, ಇದು ಕಾಳೋ, ಟರ್ನ್‌ಪೈಕ್ ರಸ್ತೆಗೆ ಹಾಕೋ ಜಲ್ಲಿಯೋ?"

"ಎಂಜಿನಿಯರ್ ಅಂತೀರಿ, ರಟ್ಟ್ಯಾಗ ಕಸುವ ಇಲ್ಲ."

ಅವನು ತಲೆಯೆತ್ತಿ ಅವಳನ್ನೇ ನೋಡಿದ. ಹುಬ್ಬಿನ ಮೇಲೆ ಬೆವರ ಹನಿಯೊಂದು ಇಳಿಯಲೋ ಬೇಡವೋ ಎಂದು ನಿಂತಿತ್ತು. ಸೆರಗಿನ ತುದಿಯಿಂದ ಅದನ್ನು ಒರೆಸಬೇಕೆಂದು ಪದ್ಮಜಾಳ ಕೈ ಮಿಡುಕಿತು. ಆದರೆ ಅವಳು ನಿನ್ನೆ ಹೊರಗಾಗಿದ್ದಳು.

ಆಸ್ಪತ್ರೆಯಲ್ಲಿ ಬಿಳಿ ಕೋಟು ತೊಟ್ಟು ರೋಗಿಗಳನ್ನು ಮುಟ್ಟಿ ನೋಡುವ ಆಕೆ ಮನೆಯಲ್ಲಿ ಆ ಮೂರು ದಿನ ಅಡುಗೆಮನೆಗೆ ಕಾಲಿಡುತ್ತಿರಲಿಲ್ಲ. ಅತ್ತೆ ಕೌಸಲ್ಯಾಬಾಯಿಯ ಮನಸ್ಸು ನೋಯದಿರಲೆಂದು ನಡೆಸಿಕೊಂಡು ಬಂದ ನೇಮ ಅದು. ಎಂದೂ ಅಡ್ಡಿಯಾಗಿರಲಿಲ್ಲ, ಅವರೇ ಅಡುಗೆ ಮಾಡಿಕೊಳ್ಳುತ್ತಿದ್ದರು. ಈ ಸಲ ಗುರುವಾರ ಹಿತ್ತಲ ಮೆಟ್ಟಿಲಲ್ಲಿ ಜಾರಿ ಬಿದ್ದು ಬಲ ಮಣಿಕಟ್ಟಿಗೆ ಪ್ಲಾಸ್ಟರ್ ಬಿದ್ದಿತ್ತು.

ಮೇಲಾಗಿ ಚಾತುರ್ಮಾಸ್ಯದ ಮೊದಲ ತಿಂಗಳು. ಶಾಕವ್ರತ, ಒಂದು ಕಾಯಿಪಲ್ಯವೂ ಸಲ್ಲದು. ಆ ನಾಲ್ಕು ತಿಂಗಳೂ ಮನೆಯವರು ಮಡಿಯಲ್ಲಿ ಮಾಡಿದ್ದರ ಹೊರತು ಬೇರೆಯವರ ಅನ್ನ, ಅಂದರೆ ಪರಾನ್ನ, ಕೌಸಲ್ಯಾಬಾಯಿಯ ಬಾಯಿಗೆ ಹೋಗುತ್ತಿರಲಿಲ್ಲ. ನಿನ್ನೆಯಿಂದ ಒಂದು ಲೋಟ ಹಾಲಿನ ಮೇಲಿದ್ದರು. ವಯಸ್ಸು ಅರವತ್ತೆಂಟು. ಹೊರಗೆ ತೊಂಬತ್ತೇಳು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು.

ಹೋದ ಬೇಸಿಗೆಯಲ್ಲಿ ಪದ್ಮಜಾಳಿಗೆ ಈ ತಿನಿಸು ಕಲಿಸಿದವಳು ಆಸ್ಪತ್ರೆಯ ನರ್ಸ್ ಮಿಸೆಸ್ ಚೋ. ಕೊರಿಯಾದಲ್ಲಿ ಬಿಸಿಲು ಏರಿತೆಂದರೆ ಸೋಯಾ ಕಾಳು ಬೇಯಿಸಿ, ರುಬ್ಬಿ, ಸೋಸಿ, ಆ ಹಾಲನ್ನು ಹಿಮದಷ್ಟು ತಣ್ಣಗೆ ಮಾಡಿ ಗೋಧಿ ಶಾವಿಗೆಯ ಮೇಲೆ ಸುರಿದು ಉಣ್ಣುತ್ತಾರಂತೆ. ಬೆಳ್ಳುಳ್ಳಿಯಿಲ್ಲ, ಈರುಳ್ಳಿಯಿಲ್ಲ. ಕೌಸಲ್ಯಾಬಾಯಿ ಮೊದಲು ಕಾಳನ್ನು ಅಂಗೈಯಲ್ಲಿ ಹೊರಳಿಸಿ ನೋಡಿ, "ಹೆಸರಬ್ಯಾಳಿ ನಡೀತದ. ಇದು ಅದರ ಪರದೇಶದ ತಮ್ಮ ಅಂತ ತಿಳಕೋತೀನಿ," ಎಂದು ಅಪ್ಪಣೆ ಕೊಟ್ಟಿದ್ದರು. ಬಿಸಿಲಿನಲ್ಲಿ ಅವರ ಗಂಟಲಲ್ಲಿ ಇಳಿಯುತ್ತಿದ್ದುದು ಅದೊಂದೇ.

ಇಂದು ಪ್ರಾಣೇಶ ಅದನ್ನು ಮಾಡಿಕೊಡುತ್ತೇನೆಂದಾಗ ಅವರು ಹೂಂ ಎನ್ನಲಿಲ್ಲ, ಉಹುಂ ಎನ್ನಲಿಲ್ಲ. "ಮಾಡಲಿ. ಉಣ್ಣೂದು ಬಿಡೂದು ಆಮ್ಯಾಲೆ ನೋಡೂಣು," ಎಂದು ಜಪಕ್ಕೆ ಕುಳಿತರು.

"ಇವತ್ತು ಅಮ್ಮನ್ನ ಕೇಳೇಬಿಡ್ತೀನಿ," ಎಂದ ಪ್ರಾಣೇಶ, ದನಿ ತಗ್ಗಿಸಿ. ಕೌಸಲ್ಯಾಬಾಯಿಯನ್ನು ಅವನು ಅಮ್ಮ ಎಂದೇ ಕರೆಯುತ್ತಿದ್ದ.

"ಬ್ಯಾಡ್ರಿ. ಹಸದಾರ ಅವರು."

"ನಾಳೆ ಬೆಳಿಗ್ಗೆ ಆಫೀಸಲ್ಲಿ ಉತ್ತರ ಹೇಳ್ಬೇಕು ಪದ್ಮಜಾ. ದೂರದ ಹೂಸ್ಟನ್ನಿಗೆ ಹೋಗ್ತೀನಾ, ಇಲ್ಲೇ ಮಾರಿಸ್‌ಟೌನಲ್ಲೇ ಇರ್ತೀನಾ ಅಂತ. ಮೇ ತಿಂಗಳಲ್ಲಿ ಮದುವೆ ಆಗ್ತೀರಾ ಅಂತ ಕೇಳಿದ್ದಕ್ಕೆ ನೀವಿನ್ನೂ ಬಾಯಿ ಬಿಟ್ಟಿಲ್ಲ."

ಗೋಡೆಯ ಮೇಲೆ ದ್ವಾರಕಾನಾಥನ ಪಟವಿತ್ತು. ಮದುವೆಯಾದ ವರ್ಷವೇ ಜ್ವರ ಅವನನ್ನು ಒಯ್ದಿತ್ತು, ಆರು ವರ್ಷವಾಯಿತು. ಗಂಡನನ್ನು ಕಳೆದುಕೊಂಡ ಪದ್ಮಜಾ, ಇದ್ದೊಬ್ಬ ಮಗನನ್ನು ಕಳೆದುಕೊಂಡ ಅತ್ತೆಯ ಕೈ ಹಿಡಿದುಕೊಂಡೇ ವಿಮಾನ ಹತ್ತಿದ್ದಳು.

"ನಾ ನಿಮಗ ಹೂಂ ಅಂದ ದಿವಸ ಅತ್ಯಾ ಪೆಟ್ಟಿಗಿ ಕಟ್ಟತಾರ. ಧಾರವಾಡದಾಗ ಅವರಿಗೆ ಯಾರಿದ್ದಾರ ಹೇಳ್ರಿ?"

"ಉಹುಂ ಅಂದ್ರೆ ನಾನು ಪೆಟ್ಟಿಗೆ ಕಟ್ತೀನಿ."

ದೇವರ ಮನೆಯಲ್ಲಿ ಗಂಟೆಯ ಸದ್ದಾಯಿತು.

ಪ್ರಾಣೇಶ ಕಾಳಿನ ಹಾಲನ್ನು ಬಟ್ಟೆಯಲ್ಲಿ ಸೋಸಿ, ಉಪ್ಪು ಬೆರೆಸಿ, ಹಿಂದಿನ ಜಗಲಿಯಲ್ಲಿದ್ದ ಮಡಿ ಫ್ರಿಜ್ಜಿನಲ್ಲಿಟ್ಟ. ಅದು ಕೌಸಲ್ಯಾಬಾಯಿಗೆಂದೇ ತಂದಿದ್ದ ಸಣ್ಣ ಫ್ರಿಜ್. ಬ್ರೆಡ್ಡು, ತರಕಾರಿ, ಅಳಿದುಳಿದದ್ದು ಎಲ್ಲ ಅಡುಗೆಮನೆಯ ದೊಡ್ಡ ಫ್ರಿಜ್ಜಿಗೆ. ಮಡಿಯಲ್ಲಿದ್ದವರು ಅದರ ಹಿಡಿಯನ್ನೂ ಮುಟ್ಟುವಂತಿಲ್ಲ. ಆಮೇಲೆ ಗೋಧಿ ಹಿಟ್ಟನ್ನು ಗಟ್ಟಿಯಾಗಿ ನಾದಿ, ಲಟ್ಟಿಸಿ, ಮಡಚಿ, ಚಾಕುವಿನಿಂದ ಎಳೆ ಎಳೆಯಾಗಿ ಕತ್ತರಿಸಿದ. ಮೊದಲ ಎಳೆಗಳು ಹಗ್ಗದಂತೆ ಬಂದವು.

"ಇವು ಬಾವಿಗೆ ಕೊಡ ಇಳಿಸಲಿಕ್ಕೆ ಬರ್ತಾವ," ಎಂದಳು ಪದ್ಮಜಾ.

"ನಗ್ರಿ, ನಗ್ರಿ. ಹೊಸ್ತಿಲಾಚೆ ಇದೀರಲ್ಲ, ಧೈರ್ಯ."

ಅವನ ನೋಟಕ್ಕೆ ಅವಳ ಕಿವಿ ಬಿಸಿಯಾಯಿತು. ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನ್ ಬಂತು. ಎದ್ದು ಹೋದವಳು ಹಿಂತಿರುಗುವ ಹೊತ್ತಿಗೆ ಕೌಸಲ್ಯಾಬಾಯಿ ಮಣೆಯ ಮೇಲೆ ಕುಳಿತಿದ್ದರು. ಮುಂದೆ ಬಟ್ಟಲು. ಬೆಳ್ಳನೆಯ ಹಾಲು, ಅದರಲ್ಲಿ ಶಾವಿಗೆ. ಮೇಲೆ, ಮಿಸೆಸ್ ಚೋ ಬರೆದುಕೊಟ್ಟಿದ್ದ, ಪದ್ಮಜಾ ಗೋಡೆಗೆ ಅಂಟಿಸಿದ್ದ ಚಿತ್ರದಲ್ಲಿದ್ದಂತೆಯೇ, ಹಸಿರು ಸವತೆಕಾಯಿಯ ಸಣ್ಣ ಎಳೆಗಳು.

ಪದ್ಮಜಾ ಹೊಸ್ತಿಲ ಈಚೆಯೇ ನಿಂತುಬಿಟ್ಟಳು.

"ಸವತಿಕಾಯಿ ಎಲ್ಲಿಂದ ಬಂತು?" ಕೌಸಲ್ಯಾಬಾಯಿಯ ದನಿ ಮೆಲ್ಲಗಿತ್ತು.

"ಫ್ರಿಜ್ಜಿಂದ, ಅಮ್ಮ."

"ಯಾವ ಫ್ರಿಜ್ಜು?"

ಪ್ರಾಣೇಶ ದೊಡ್ಡ ಫ್ರಿಜ್ಜನ್ನು ನೋಡಿದ. ತನ್ನ ಕೈ ನೋಡಿಕೊಂಡ. ಮುಖದ ಬಣ್ಣ ಇಳಿದುಹೋಯಿತು. ವ್ರತವೂ ಕೆಟ್ಟಿತು, ಮಡಿಯೂ ಕೆಟ್ಟಿತು.

"ಅತ್ಯಾ, ತಪ್ಪು ನಂದು. ಅವರಿಗೆ ನಾ ಹೇಳಿರಲಿಲ್ಲ," ಎಂದಳು ಪದ್ಮಜಾ.

"ಇಲ್ಲಮ್ಮ, ನಂದೇ. ನಮ್ಮಜ್ಜಿ ಮಡಿ ನೋಡ್ಕೊಂಡೇ ಬೆಳೆದೋನು ನಾನು. ಚೆಂದ ಕಾಣ್ಲಿ ಅಂತ ಮೈಮರೆತೆ." ಅವನು ತಡೆದು ಹೇಳಿದ, "ನೀವು ಊಟ ಮಾಡಿದ ಮೇಲೆ ಒಂದು ಮಾತು ಕೇಳ್ಬೇಕು ಅಂತಿದ್ದೆ. ಈಗ ಕೇಳೋಕೆ ಮುಖ ಇಲ್ಲ."

"ಕೇಳಬ್ಯಾಡ್ರಿ."

ಕೌಸಲ್ಯಾಬಾಯಿ ಬಟ್ಟಲನ್ನು ಎಡಗೈಯಿಂದ ಪಕ್ಕಕ್ಕೆ ಸರಿಸಿದರು. ಕಣ್ಣು ಮುಚ್ಚಿದರು. ತುಟಿ ಅಲ್ಲಾಡುತ್ತಿತ್ತು. ಪದ್ಮಜಾ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಎಲ್ಲ ಮುಗಿಯಿತು ಅಂದುಕೊಂಡಳು.

"ಈ ದೇಶದಾಗ ಗೋಡಿ ಹಲಿಗೀದು," ಎಂದರು ಅವರು ಕಣ್ಣು ತೆರೆದು. "ಜಪದ ಮಣಿ ಎಣಿಸಲೋ, ನಿಮ್ಮ ಮಾತು ಕೇಳಲೋ? ಅತ್ಯಾ ಪೆಟ್ಟಿಗಿ ಕಟ್ಟತಾರಂತ, ಇಂವಾ ಪೆಟ್ಟಿಗಿ ಕಟ್ಟತಾನಂತ!"

ಇಬ್ಬರೂ ತಲೆ ತಗ್ಗಿಸಿದರು.

"ಆರು ವರ್ಷ ದೇವರ ಮುಂದ ಕೂತು ಒಂದ ಕೇಳೀನಿ. ನನ್ನ ಯಾಕ ಇಟ್ಟಿ, ಅವನ್ನ ಯಾಕ ಒಯ್ದಿ ಅಂತ. ದೇವರು ಬಾಯಿ ಬಿಡಲಿಲ್ಲ." ಎಡಗೈಯನ್ನು ನೆಲಕ್ಕೂರಿದರು. "ಯಾರೂ ಪೆಟ್ಟಿಗಿ ಕಟ್ಟೂದು ಬ್ಯಾಡ. ನನ್ನ ಪೆಟ್ಟಿಗಿ ತಗೀತೀನಿ ನಾ."

ಎದ್ದು ತಮ್ಮ ಕೋಣೆಗೆ ಹೋದರು. ಟ್ರಂಕಿನ ಮುಚ್ಚಳ ಕಿರುಗುಟ್ಟಿತು. ಹೊರಬಂದಾಗ ಅವರ ಎಡದೋಳಿನ ಮೇಲೆ ಹಳದಿ ರೇಷ್ಮೆಯ ಮಗುಟವಿತ್ತು. ಪೂಜೆಗೆ ದ್ವಾರಕಾನಾಥ ಉಡುತ್ತಿದ್ದ ಮಗುಟ. ಆರು ವರ್ಷದಿಂದ ಪದ್ಮಜಾ ಕೂಡ ಅದನ್ನು ಕಂಡಿರಲಿಲ್ಲ.

"ರೇಷ್ಮಿಗೆ ಮೈಲಿಗಿ ಇಲ್ಲ. ಬಚ್ಚಲಮನಿ ಗೂಟಕ್ಕ ಹಾಕ್ತೀನಿ. ಮತ್ತೊಮ್ಮೆ ಸ್ನಾನ ಮಾಡಿ ಉಟ್ಟುಕೊಂಡು ಬಾರೋ ಪ್ರಾಣೇಶ. ಜಗಲಿ ಫ್ರಿಜ್ಜಿನ್ಯಾಗ ಹಾಲು ಉಳದದ. ಶಾವಿಗಿ ಹೊಸಾದು ಮಾಡು. ಈ ಸಲ ಹಗ್ಗ ಹೊಸೀಬ್ಯಾಡ."

ಅಷ್ಟು ದಿನ 'ನೀವು' ಎನ್ನುತ್ತಿದ್ದ ಅತ್ತೆ ಇಂದು ಅವನನ್ನು ಏಕವಚನದಲ್ಲಿ ಕರೆದದ್ದು ಪದ್ಮಜಾಳಿಗೆ ಹೊಳೆಯಿತು. ಆದರೂ ಧೈರ್ಯ ಬರಲಿಲ್ಲ. ಉಂಡರೆ ತಾನೇ ಖರೆ?

ಒಂದು ಗಂಟೆ ಕಳೆಯಿತು. ಪ್ರಾಣೇಶ ಮಗುಟವುಟ್ಟು, ಬೆಂದ ಶಾವಿಗೆಯನ್ನು ತಣ್ಣೀರಿನಲ್ಲಿ ಮೂರು ಸಲ ತೊಳೆದು, ಬಟ್ಟಲಿಗೆ ಹಾಕಿ, ತಣ್ಣನೆಯ ಹಾಲು ಸುರಿದ. ಮೇಲೆ ಏನೂ ಇಲ್ಲ. ಬರೀ ಬಿಳುಪು. ಕೌಸಲ್ಯಾಬಾಯಿ ದೇವರಿಗೆ ತೋರಿಸಿದರು. ಪ್ಲಾಸ್ಟರಿನ ಹೊರಗಿದ್ದ ಬೆರಳುಗಳಿಂದ ಒಂದೆಳೆ ಎತ್ತಿದರು. ಕೈ ಬಾಯಿಯ ಹತ್ತಿರ ಹೋಗಿ ನಿಂತಿತು. ಪಟದ ಕಡೆ ಒಮ್ಮೆ ನೋಡಿದರು.

ಉಂಡರು.

"ಅತ್ಯಾ," ಎಂದಳು ಪದ್ಮಜಾ, "ಪರಾನ್ನ..."

"ಮನೀ ಮಗಾ ಮಾಡಿದ್ದು ಪರಾನ್ನ ಹೆಂಗ ಆಗ್ತದ?" ಎಂದು ಅವರು ಬಟ್ಟಲೆತ್ತಿ ಹಾಲು ಕುಡಿದರು. "ಉಪ್ಪು ಸಾಲದು."

ಅವರ ಕಣ್ಣೀರು ಬಟ್ಟಲಿಗೇ ಬೀಳುತ್ತಿತ್ತು. ಒರೆಸಿಕೊಳ್ಳಲಿಲ್ಲ.

ಊಟ ಮುಗಿಸಿ ಅವರು ಮಲಗಲು ಹೋದ ಮೇಲೆ ಪ್ರಾಣೇಶ ಸವತೆಕಾಯಿಯ ಬಟ್ಟಲನ್ನು ತಂದು ಹೊಸ್ತಿಲ ಮೇಲಿಟ್ಟು ಕೈ ಹಿಂದೆಗೆದ. ಹಾಲು ಬೆಚ್ಚಗಾಗಿತ್ತು, ಶಾವಿಗೆ ಉಬ್ಬಿತ್ತು.

"ಮೈಲಿಗೆ ಊಟ. ನಿಮಗೆ ನಡೆಯುತ್ತಲ್ಲ?"

ಪದ್ಮಜಾ ಬಟ್ಟಲನ್ನು ಎಳೆದುಕೊಂಡು ಉಂಡಳು. ಅವನು ಎದುರಿಗೆ ಕುಳಿತು ನೋಡಿದ.

"ನಾಳೆ ಆಫೀಸಿನ್ಯಾಗ ಏನು ಹೇಳ್ತೀರಿ?"

"ನೀವು ಹೇಳಿದ್ದು."

"ಹೂಂ."

"ಹೂಂ ಅಂದ್ರೆ?"

"ಹೂಂ ಅಂದ್ರ ಹೂಂ. ಎಷ್ಟು ಸಲ ಹೇಳಿಸ್ತೀರಿ?"

ಅವನ ಕೈ ಹೊಸ್ತಿಲ ಆಚೆಯಂಚಿನಲ್ಲಿತ್ತು. ಅವಳದು ಈಚೆಯಂಚಿನಲ್ಲಿ. ನಡುವೆ ನಾಲ್ಕು ಬೆರಳಿನಷ್ಟು ಮರ. ಅದನ್ನು ದಾಟಲು ಇನ್ನೂ ಎರಡು ದಿನವಿತ್ತು. ಇಬ್ಬರೂ ಕೈ ತೆಗೆಯಲಿಲ್ಲ.