ಎದೆಬಡಿತ ಕೇಳುವ ನೆಲ

ಹಿಂದಕ್ಕೆ ಸರಿಯತೊಡಗಿದ್ದ ಲಾರಿ ಒಂದು ಗೇಣು ಚಲಿಸಿ ತಾನಾಗಿಯೇ ನಿಂತಿತು. ಅದರಡಿ ಅಂಗಾತ ಮಲಗಿ ಬೋಲ್ಟು ಬಿಚ್ಚುತ್ತಿದ್ದ ದಸ್ತಗೀರ ನದಾಫ ತಲೆ ಹೊರಳಿಸಿಯೂ ನೋಡಲಿಲ್ಲ. ೨೦೬೧ರ ಹುಬ್ಬಳ್ಳಿಯ ಆ ಗ್ಯಾರೇಜಿನಲ್ಲಿ ಇದು ದಿನನಿತ್ಯದ ಸಂಗತಿ. ನೆಲದಲ್ಲಿ ಹುದುಗಿಸಿದ್ದ ಹರಳುಗಳು ಮಲಗಿದವನ ಎದೆಬಡಿತದ ಸೂಕ್ಷ್ಮ ಕಂಪನವನ್ನು ಬೆನ್ನಿನ ಮೂಲಕ ಗ್ರಹಿಸುತ್ತಿದ್ದವು. ಬಡಿತ ಸಿಕ್ಕ ಕ್ಷಣವೇ ಮೇಲಿನ ವಾಹನದ ಮೋಟಾರು ಸ್ತಬ್ಧವಾಗುತ್ತಿತ್ತು.

ಆ ನೆಲವನ್ನು ರೂಪಿಸಿದ ವಿಜ್ಞಾನಿ ಜಯಶೀಲಾ ಹೊಸಕೋಟಿ. ನಾಲ್ಕು ವರ್ಷಗಳಿಂದ ಅಲ್ಲಿ ಒಬ್ಬನೂ ಚಕ್ರದಡಿ ಸಿಕ್ಕಿರಲಿಲ್ಲ.

ಒಂದು ದಿನ ವ್ಯವಸ್ಥಾಪಕ ಇಟಗಿ ಅವಳನ್ನು ಕರೆಸಿದ.

"ಒಬ್ಬೊಬ್ಬರ ಎದಿಬಡಿತ ಬ್ಯಾರೆ ಬ್ಯಾರೆ ಇರ್ತೈತಿ ಅಂತೀರಲ್ರಿ ಮೇಡಂ. ಯಾರಿಂದ ಎಷ್ಟ ಸಲ ಗಾಡಿ ನಿಂತೈತಿ, ಪಟ್ಟಿ ಕೊಡ್ರಿ. ಅವರಿಗೆ ತರಬೇತಿ ಕೊಡೂಣು."

ತರಬೇತಿಗೆ ತಾನೇ ಎಂದು ಅವಳು ಕೊಟ್ಟಳು. ವಾರದೊಳಗೆ ಪಟ್ಟಿಯ ಮೊದಲ ಮೂವರು ಕೆಲಸ ಕಳೆದುಕೊಂಡರು. ನಾಲ್ಕನೆಯ ಹೆಸರು ದಸ್ತಗೀರನದು.

ಆಮೇಲೆ ಗಾಡಿಗಳು ನಿಲ್ಲುವುದು ಕಡಿಮೆಯಾಯಿತು. ಜನ ಎಚ್ಚರ ಕಲಿತರು ಎಂದುಕೊಂಡಳು ಜಯಶೀಲಾ. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಲಾರಿಯೊಂದು ನಿಲ್ಲದೆ ಹಿಂದೆ ಸರಿದು ದಸ್ತಗೀರನ ಎದೆಯ ಮೇಲೆ ಹಾದುಹೋಯಿತು. ಯಾರಾದರೂ ಇದ್ದರೆ ನೆಲವೇ ತಡೆಯುತ್ತದೆಂದು ಚಾಲಕ ಬಗ್ಗಿ ನೋಡಿರಲಿಲ್ಲ. ದಸ್ತಗೀರನ ಬೆನ್ನಡಿ ದಪ್ಪ ಸ್ಪಂಜಿನ ಹಾಸು ಇತ್ತು. ಅದನ್ನು ದಾಟಿ ಬಡಿತ ನೆಲ ಮುಟ್ಟಿರಲಿಲ್ಲ.

ಜಯಶೀಲಾ ಅವನ ಮನೆಗೆ ಹೋದಳು. ಹೆಂಡತಿ ಖೈರುನ್ಬಿ ಗೋಡೆಗೊರಗಿ ಕೂತಿದ್ದಳು.

"ನೆಲ ತಣ್ಣಗಿರ್ತೈತಿ, ಬೆನ್ನ ನೋಯ್ತೈತಿ ಅಂದಿದ್ರು. ಆ ಹಾಸು ನಾನ ಹೊಲದ ಕೊಟ್ಟೀನ್ರಿ. ಒಂದ ಪದರಾ ಸಾಲೂದಿಲ್ಲಂತ ಎರಡ ಹಾಕಿದ್ದೆ." ಆಮೇಲೆ ಕೇಳಿದಳು: "ನೆಲಕ್ಕ ಎಲ್ಲಾ ಗೊತ್ತಾಗ್ತೈತಿ ಅಂತಿದ್ರಲ್ರಿ, ಇವರಿರೂದು ಯಾಕ ಗೊತ್ತಾಗ್ಲಿಲ್ಲ?"

ಜಯಶೀಲಾಗೆ ಉತ್ತರ ಗೊತ್ತಿತ್ತು. ಅದನ್ನು ಅವಳೆದುರು ಹೇಳುವ ಧೈರ್ಯವಾಗಲಿಲ್ಲ.

ದಸ್ತಗೀರನ ಸಾವಿನ ವಿಚಾರಣೆಯಲ್ಲಿ ಮಾತ್ರ ಹೇಳಿದಳು. "ಪಟ್ಟಿ ಕೊಟ್ಟವಳು ನಾನು. ಜೀವ ಉಳಿಸಿಕೊಂಡವರನ್ನೇ ನಾವು ಶಿಕ್ಷಿಸಿದೆವು. ಅದಕ್ಕೇ ಅವರು ನೆಲಕ್ಕೆ ಕಾಣದ ಹಾಗೆ ಮಲಗತೊಡಗಿದರು. ಇದನ್ನು ಬರೆದುಕೊಳ್ಳಿ."

ವಿಚಾರಣಾಧಿಕಾರಿ ಬರೆದುಕೊಳ್ಳಲಿಲ್ಲ. "ಅದಿರ್ಲಿ ಮೇಡಂ. ಗಾಡಿ ಚಾಲೂ ಆಗೂ ಹೊತ್ತಿನ್ಯಾಗ ಅವ ಅಲ್ಲ್ಯಾಕ ಮಲಗಿದ್ದ?"

ಆ ನೆಲ ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ ಗ್ಯಾರೇಜುಗಳಲ್ಲಿ ಕೇಳಿಬರುತ್ತಿದ್ದ ಪ್ರಶ್ನೆ ಇದು. ಇದಕ್ಕೆ ಹೆದರಿಯೇ ಇವತ್ತು ಇನ್ಯಾವುದೋ ಗ್ಯಾರೇಜಿನಲ್ಲಿ ಯಾವನೋ ಒಬ್ಬ ಚಕ್ರದಡಿಯಿಂದ ಕೂದಲೆಳೆಯಲ್ಲಿ ಪಾರಾಗಿ, ಯಾರಿಗೂ ಹೇಳದೆ, ಕೈ ತೊಳೆದುಕೊಂಡು ಮನೆಗೆ ಹೊರಟಿದ್ದಾನೆ.