ವಿಭೂತಿ ಹಚ್ಚಿದ ಲೈಸೆನ್ಸ್ ಚೀಟಿ

೨೦೦೮ರ ಅಕ್ಟೋಬರ್ ೧೧, ಶನಿವಾರ, ಬೆಳಿಗ್ಗೆ ೧೦-೧೫. ಕಂಪ್ಯೂಟರ್ ತರಬೇತಿ ಕೇಂದ್ರದ ನೀಲಾ ರೋಣ ಠಾಣೆಗೆ ಬಂದು ದೂರು ಕೊಟ್ಟಾಗ ಪಿಎಸ್‌ಐ ಅರ್ಜುನಪ್ಪನಿಗೆ ಅದರ ತಲೆಬುಡ ತಿಳಿಯಲಿಲ್ಲ.

"ಚೀಟಿ ಕಳುವಾಗೇತಿ ಅಂತ ಎಫ್‌ಐಆರ್ ಬರೀಲೇನವಾ?"

"ಬರೇ ಚೀಟಿ ಅಲ್ರಿ ಸರ್, ಕಂಪ್ಯೂಟರ್ ಪೆಟ್ಟಿಗಿಗೆ ಅಂಟಿಸಿದ್ದ ವಿಂಡೋಸ್ ಲೈಸೆನ್ಸ್ ಕೀ. ಮುಂಜಾನಿ ಮಶೀನ್ ಮತ್ತ ಕೆಡ್ತು. ಹೊಸದಾಗಿ ವಿಂಡೋಸ್ ಹಾಕಾಕ ಹೋದ್ರ ಇಪ್ಪತ್ತೈದು ಅಕ್ಷರದ ನಂಬರ್ ಕೇಳಾಕತ್ತೇತಿ. ಯಾವ್ಯಾವುದೋ ಹೊಡದು ನೋಡಿದೆ, ಎಲ್ಲಾ ತಪ್ಪು ಅಂತೈತಿ. ಸೋಮವಾರ ಹದಿನೆಂಟು ಹುಡುಗ್ಯಾರ ಪರೀಕ್ಷಾ ಅದರಾಗ ಐತ್ರಿ!"

ಅರ್ಜುನಪ್ಪನಿಗೆ ಕಂಪ್ಯೂಟರ್ ತಿಳಿಯದಿದ್ದರೂ ಪರೀಕ್ಷೆಯ ಸಂಕಟ ಚೆನ್ನಾಗಿ ತಿಳಿಯುತ್ತಿತ್ತು. ಬಡ್ತಿ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದವನು ಅವನು. ಎಫ್‌ಐಆರ್ ಬರೆಸಿದ.

೧೧-೩೦ಕ್ಕೆ ಸ್ಥಳ ಪಂಚನಾಮೆ. ಕಾನ್‌ಸ್ಟೆಬಲ್ ಮಾಬೂಬಿ ಕೆಟ್ಟ ಕಂಪ್ಯೂಟರಿನ ಪೆಟ್ಟಿಗೆಯ ಮಗ್ಗುಲಿಗೆ ಬೊಟ್ಟು ಮಾಡಿದಳು. ಬುಧವಾರ ಖಂಡೇನವಮಿಗೆ ನೀಲಾ ಎಲ್ಲ ಪೆಟ್ಟಿಗೆಗಳಿಗೂ ಮೂರು ಬೆರಳ ವಿಭೂತಿ ಎಳೆದಿದ್ದಳು. ಇದರಲ್ಲಿ ಮಾತ್ರ ಪಟ್ಟೆ ನಡುವೆ ಕಡಿದು, ಚೀಟಿಯಷ್ಟು ಜಾಗ ಬೋಳಾಗಿತ್ತು.

"ಪೂಜಿ ಆದ ಮ್ಯಾಲ ಕಿತ್ತಾರ್ರಿ ಸರ್."

"ಆಮ್ಯಾಲ ಇದನ್ನ ಯಾರು ಮುಟ್ಯಾರವಾ?"

"ನಿನ್ನೆ ರಿಪೇರಿಗೆ ಬಂದಿದ್ದ ಗಜೇಂದ್ರಗಡದ ದುರಗೇಶ ಒಬ್ಬನ ರಿ," ಎಂದಳು ನೀಲಾ.

೧-೪೦, ಗಜೇಂದ್ರಗಡ.

"ನಿನ್ನೆ ರೋಣದಿಂದ ಎಲ್ಲಿಗೆ ಹೋದಿ?"

"ನರಗುಂದಕ್ಕ ರಿ."

"ಯಾರ ಕಡೆ?"

ದುರಗೇಶ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. "ರೇಣವ್ವನ ಟೈಪಿಂಗ್ ಅಂಗಡಿಗೆ ರಿ."

೪-೧೫ಕ್ಕೆ ನರಗುಂದದಲ್ಲಿ ರೇಣವ್ವನ ಕಂಪ್ಯೂಟರಿನ ಮೇಲೆ ಚೀಟಿ ಸಿಕ್ಕಿತು. ಆಕೆ ಪೂಜೆಗೆ ಹಚ್ಚಿದ್ದು ಬರೀ ಕುಂಕುಮ. ಚೀಟಿಯ ಮೇಲಿದ್ದದ್ದು ವಿಭೂತಿ. ಉಪ್ಪು ತಿಂದವ ನೀರು ಕುಡಿಯಲೇಬೇಕಲ್ಲ, ಜೊತೆಗೆ ಕರೆತಂದಿದ್ದ ದುರಗೇಶನನ್ನು ಅಲ್ಲೇ ಬಂಧಿಸಿದರು. ಚೀಟಿ ಸಾಕ್ಷಿಯಾಗಿ ಲಕೋಟೆ ಸೇರಿ ಅರಗಿನ ಮುದ್ರೆ ಬಿತ್ತು.

ಸಂಜೆ ತರಬೇತಿ ಕೇಂದ್ರದಲ್ಲಿ ಅದನ್ನು ಕೇಳಿ ನೀಲಾ ಗಾಬರಿಯಾದಳು. "ಅದು ಕೋರ್ಟಿನಿಂದ ಬರೂದು ಯಾವಾಗ್ರಿ?"

"ಸೋಮವಾರದೊಳಗ ಚೀಟಿ ಬರಲಿಕ್ಕಿಲ್ಲವಾ. ಆದ್ರ ಜಪ್ತಿ ಪಂಚನಾಮೆದಾಗ ಇಪ್ಪತ್ತೈದೂ ಅಕ್ಷರ ಬರದೇವಿ. ನಾ ಓದ್ತೀನಿ, ನೀ ಹೊಡಿ."

ಅರ್ಜುನಪ್ಪ ಒಂದೊಂದಾಗಿ ಓದಿದ. ಪರದೆ ಈ ಸಲ ತಕರಾರು ತೆಗೆಯದೆ ಮುಂದಕ್ಕೆ ಹೋಯಿತು. ನೀಲಾ ಅಳುತ್ತಲೇ ನಕ್ಕಳು. ಅರ್ಜುನಪ್ಪನಿಗೆ ತಾನೇ ಪಾಸಾದಷ್ಟು ಹಗುರವಾಯಿತು.

ದುರಗೇಶನ ಹೇಳಿಕೆ ನಾಲ್ಕೇ ಸಾಲಿನದು. ರೇಣವ್ವನಿಗೆ ಅಸಲಿ ಎಂದು ಹೇಳಿ ನಕಲಿ ಕೀ ಹಾಕಿಕೊಟ್ಟಿದ್ದ. ತಿಂಗಳಿಗೆ ಅದು ಕೈಕೊಟ್ಟಿತು. ತಮ್ಮಾ ಎಂದು ಕರೆದು ಉಣ್ಣಲಿಕ್ಕುವ ಆಕೆಯ ಮುಂದೆ ಮೋಸಗಾರ ಎನ್ನಿಸಿಕೊಳ್ಳುವುದು ಬೇಡವೆಂದು ಕಳ್ಳನಾದ.

ಭಾನುವಾರ ರೇಣವ್ವ ರೊಟ್ಟಿ ಕಟ್ಟಿಕೊಂಡು ಠಾಣೆಗೆ ಬಂದಳು.

"ಖರೇ ಹೇಳಿದ್ರ ನಾಕು ಬೈದು ಸುಮ್ಮನಾಗ್ತಿದ್ನೆಲ್ಲೋ ತಮ್ಮಾ. ಇರಲಿ, ಮದಲ ಉಣ್ಣು."

ನಿನ್ನೆಯಿಂದ ತಗ್ಗಿಸಿದ್ದ ತಲೆಯನ್ನು ದುರಗೇಶ ಆಗ ಎತ್ತಿದ.