ವಾರಿಜತ್ತೆಯ ತುಟಿ

ಗೇರುಬೀಜ ಸುಡುವ ವಾಸನೆ ಬಂದರೆ ನನಗೆ ನಾರಾವಿಯ ಅಂಗಳ ಕಾಣುತ್ತದೆ. ಒಣಗಿಸಿದ ಬೀಜ ಕಡಿಮೆಯಾದರೆ ಅಜ್ಜಿ ಎಲ್ಲರ ತುಟಿ ನೋಡುತ್ತಿದ್ದರು. ಸುಡದ ಹಸಿಬೀಜ ಕಚ್ಚಿದ ಬಾಯಿ ಸೊನೆಗೆ ಸುಟ್ಟಿರುತ್ತದೆ. ಒಮ್ಮೆ ಅಪ್ಪನ ತಂಗಿ ವಾರಿಜತ್ತೆಯ ಬಾಯಿ ಹುಣ್ಣಾಗಿ ಊದಿತ್ತು. ಕಳ್ಳಿ ಎಂದು ಒಂಬತ್ತು ದಿನ ಊಟ ಕೊಡಲಿಲ್ಲ. ಕದ್ದವಳು ನಾನು; ಗುಡ್ಡೆಯಲ್ಲಿ ಸುಟ್ಟು ತಿಂದಿದ್ದೆ. ಹೇಳಲಿಲ್ಲ. ಆ ಮಳೆಗಾಲದಲ್ಲೇ ಅತ್ತೆ ತೀರಿಕೊಂಡರು.

ಈ ಶ್ರಾವಣದಲ್ಲಿ ನನ್ನ ಬಾಯಿಯೂ ಹಾಗೆಯೇ ಊದಿತು. ಬಂಟ್ವಾಳ, ಬೆಳ್ತಂಗಡಿ ಎರಡೂ ಕಡೆ ಡಾಕ್ಟರಿಗೆ ಕಾರಣ ಸಿಗಲಿಲ್ಲ. ಎರಡೂ ಕಡೆ ಕಾಯುವ ಬೆಂಚಿನಲ್ಲಿ ಬೀಜ ಸುಡುವ ಅದೇ ವಾಸನೆ. ಅಲ್ಲಿ ಕೇಳಿದ್ದನ್ನೇ ಮೂಡುಬಿದಿರೆಯ ಎಳೆಯ ಡಾಕ್ಟರೂ ಕೇಳಿದರು: "ಹಸಿ ಗೇರುಬೀಜ ಕಚ್ಚಿದ್ರಾ? ನಿಜ ಹೇಳಿ ಮಾರಾಯ್ರೆ."

"ಈ ಮಳೆಯಲ್ಲಿ ಎಲ್ಲಿ ಉಂಟು ಬೀಜ? ಬಾಯಿ ಹುಣ್ಣಾದವರೆಲ್ಲ ಕಳ್ಳರಾ?" ಎಂದು ಕಿರುಚಿದೆ. ಪಾಪ, ಅವರೇ ಎದ್ದು ಬಾಗಿಲು ತೆರೆದು ಹಿಡಿದರು.

ಹೊರಗೆ ಬೆಂಚಿನಲ್ಲಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದ ಹೆಂಗಸೊಬ್ಬಳು ಸರಿದು ಜಾಗ ಕೊಟ್ಟಳು.

"ಉಣ್ಣದೆ ಒಂಬತ್ತು ದಿನ ಆಯಿತಲ್ಲ," ಎಂದಳು.

ಲೆಕ್ಕ ಸರಿಯಿತ್ತು. ನಾನು ಯಾರಿಗೂ ಹೇಳಿರಲಿಲ್ಲ.

"ತಣ್ಣಗೆ ಉಂಟು, ಉಪ್ಪು ಹಾಕಲಿಲ್ಲ," ಎಂದು ಗಂಜಿಯ ಬುತ್ತಿಯನ್ನು ಮೆಲ್ಲನೆ ನನ್ನ ಕೈಗಿಟ್ಟಳು.